ಪಿಕ್ಚರ್ ಹೇಗಿದೆ?

ಟಿವಿ ರಿಪೇರಿ ಮಾಡುವವರಲ್ಲಿ ಎರಡು ಬಗೆ. ಗಿರಾಕಿ ಬಾಯಿ ತೆರೆಯುವ ಮೊದಲೇ ‘ಬೋರ್ಡ್ ಹೋಗಿದೆ’ ಎಂದು ತೀರ್ಪು ಕೊಡುವವರು ಒಂದು ಬಗೆ. ಗಿರಾಕಿ ಹೇಳುವುದನ್ನೆಲ್ಲ ತಲೆಯಾಡಿಸುತ್ತ ಕೇಳಿ, ಬರೆದುಕೊಂಡು, ಆಮೇಲೆ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವವರು ಇನ್ನೊಂದು ಬಗೆ. ಟಿವಿಯಣ್ಣ ಎರಡನೆಯ ಬಗೆಯವನು. ಆ ಒಳ್ಳೆಯ ಗುಣವೇ ಅವನ ಮನೆಗೆ ಮುಳುವಾಯಿತು ಎಂದರೆ ಕೇಳಿದವರು ಮೊದಲಿಗೆ ನಂಬುವುದಿಲ್ಲ.

ಅವನ ಅಂಗಡಿ ಚಪ್ಪಲಿ ಹೊಲಿಯುವವನಿಗೂ ಬೇಕರಿಗೂ ನಡುವೆ ಸಿಕ್ಕಿಕೊಂಡ ಒಂದು ಕೋಣೆ. ಅಗಲದಲ್ಲಿ ಒಬ್ಬ ಮನುಷ್ಯ ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತವೆ. ಬಾಗಿಲಿಗೆ ಬಂದವರಿಗೆ ಮೊದಲು ಕಾಣುವುದು ಟಿವಿಗಳ ಮುಖ, ಆಮೇಲೆ ಅವುಗಳ ಹಿಂದೆ ಎಲ್ಲೋ ಟಿವಿಯಣ್ಣನ ನೆತ್ತಿ. ಮೂವತ್ತು ವರ್ಷ ಅವನು ಟಿವಿಯ ಹಿಂದೆಯೇ ಕೂತವನು. ಎದುರಿನ ಗೋಡೆಗೆ ಒಂದು ಕನ್ನಡಿ ಹಾಕಿದ್ದ. ಹಿಂದಿನಿಂದ ಏನನ್ನಾದರೂ ತಿರುಗಿಸಿದರೆ ಮುಂದೆ ಪಿಕ್ಚರ್ ಏನಾಯಿತೆಂದು ಆ ಕನ್ನಡಿಯಲ್ಲಿ ನೋಡಿಕೊಳ್ಳುತ್ತಿದ್ದ. ಟಿವಿ ದಪ್ಪಗಿದ್ದ ಕಾಲದಿಂದ ಗೋಡೆಗೆ ಅಂಟುವ ಕಾಲದವರೆಗೆ ಕನ್ನಡಿ ಅದೇ, ಸ್ಟೂಲ್ ಅದೇ.

ಗಿರಾಕಿಯ ಮಾತನ್ನು ನಂಬುವುದು ಅವನು ಪೆಟ್ಟು ತಿಂದು ಕಲಿತ ಪಾಠ. ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಬಂದು, ಪಿಕ್ಚರ್ ಆಗಾಗ ನಡುಗುತ್ತದೆ ಎಂದಿದ್ದರು. ಇವನು ಅರ್ಧ ದಿನ ನೋಡಿದ, ಏನೂ ನಡುಗಲಿಲ್ಲ. ಟಿವಿ ಸರಿಯಿದೆ, ನಿಮ್ಮ ಕಣ್ಣು ತೋರಿಸಿಕೊಳ್ಳಿ ಎಂದು ನಗುತ್ತ ಕಳಿಸಿದ. ಮೂರನೇ ದಿನ ಮೇಷ್ಟ್ರ ಮನೆಯಲ್ಲಿ ಟಿವಿ ಹೊಗೆ ಹಾಕಿ ಕೂತಿತು. ಕೆಲಸ ಕಲಿಸುತ್ತಿದ್ದ ಯಜಮಾನ ನಾಲ್ಕು ಜನರ ಮುಂದೆ ಬೆವರಿಳಿಸಿದ. ‘ಗಿರಾಕಿಯ ಕಣ್ಣಿನ ಮೇಲೆ ತಪ್ಪು ಹಾಕೋನು ಈ ಕೆಲಸಕ್ಕೆ ನಾಲಾಯಕ್ಕು’ ಎಂದುಬಿಟ್ಟ. ಅವತ್ತಿನಿಂದ ಟಿವಿಯಣ್ಣ ಕಣ್ಣು ತೋರಿಸಿಕೊಳ್ಳಿ ಎಂಬ ಮಾತನ್ನು ಯಾರಿಗೂ ಹೇಳಲಿಲ್ಲ. ಬಂದು ಹೋಗುವ ತೊಂದರೆ ಅವನ ಮುಂದೆ ಕಾಣಿಸಲಿ ಬಿಡಲಿ, ಗಿರಾಕಿ ಇದೆ ಎಂದರೆ ಇದೆ.

ಅವನನ್ನು ಬೀದಿಯೆಲ್ಲ ಅಣ್ಣ ಎನ್ನುತ್ತಿದ್ದುದರಿಂದ ಹೆಂಡತಿ ತಾನಾಗಿಯೇ ಎಲ್ಲರಿಗೂ ಅತ್ತಿಗೆಯಾದಳು. ಅತ್ತಿಗೆಯ ಕೆಲಸ ಮನೆಯಲ್ಲೇ. ರೆಡಿಮೇಡ್ ಅಂಗಡಿಯವರು ಶರ್ಟುಗಳ ಗಂಟು ತಂದು ಹಾಕುತ್ತಿದ್ದರು, ಈಕೆ ಗುಂಡಿ ಹೊಲಿದು ಕೊಡುತ್ತಿದ್ದಳು. ಮಧ್ಯಾಹ್ನದ ಪಾತ್ರೆ ತೊಳೆದು ಟಿವಿ ಮುಂದೆ ಕೂತರೆ ರಾತ್ರಿ ಊಟಕ್ಕೇ ಏಳುವುದು. ಊಟವೂ ಅಲ್ಲೇ, ತಟ್ಟೆ ತೊಡೆಯ ಮೇಲೆ. ಧಾರಾವಾಹಿಯ ಸೊಸೆಯಂದಿರ ಕಷ್ಟ ನೋಡುತ್ತ ಎಷ್ಟು ತಿಂದೆ, ಏನು ತಿಂದೆ ಎಂದು ಆಕೆಗೇ ಗೊತ್ತಾಗುತ್ತಿರಲಿಲ್ಲ. ನಡಿಗೆ ಎಂದರೆ ಅಡುಗೆಮನೆಯಿಂದ ಕುರ್ಚಿಗೆ ಹನ್ನೊಂದು ಹೆಜ್ಜೆ. ನಗು ಮಾತ್ರ ಮೂರು ಮನೆಯಾಚೆ ಕೇಳಿಸುವಷ್ಟು ಧಾರಾಳ.

ಆ ನಗುವಿಗಾಗಿ ಟಿವಿಯಣ್ಣ ಜೀವ ಬಿಡುತ್ತಿದ್ದ. ಪ್ರತಿದಿನ ಅಂಗಡಿ ಮುಚ್ಚುವಾಗ ಪಕ್ಕದ ಬೇಕರಿಯಿಂದ ಒಂದು ಪೊಟ್ಟಣ. ಒಂದು ದಿನ ಕ್ರೀಮ್ ಬನ್ನು, ಒಂದು ದಿನ ಕೇಕಿನ ತುಂಡು, ಏನೂ ಇಲ್ಲದಿದ್ದರೆ ಸಕ್ಕರೆ ಉದುರಿಸಿದ ಬಿಸ್ಕತ್ತು. ಪೊಟ್ಟಣ ಬಿಚ್ಚುವ ಸದ್ದಿಗೆ ಅತ್ತಿಗೆ ಟಿವಿಯಿಂದ ಕಣ್ಣು ತೆಗೆದು ಅವನ ಕಡೆ ನೋಡುತ್ತಿದ್ದಳು. ಇಡೀ ಸಂಜೆಯಲ್ಲಿ ಆಕೆ ಅವನನ್ನು ನೋಡುತ್ತಿದ್ದದ್ದು ಅದೊಂದೇ ಸಲ ಎಂದರೂ ನಡೆಯುತ್ತದೆ.

ಐದು ವರ್ಷದ ಹಿಂದೆ ಅತ್ತಿಗೆಯ ಕಾಲಿನ ಗಾಯ ಮಾಯದೆ ಆಸ್ಪತ್ರೆಗೆ ಹೋದಾಗ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ಮಾತ್ರೆ ಬರೆದುಕೊಟ್ಟರು. ಗಾಯ ಮಾಯಿತು, ಮಾತ್ರೆಯೂ ನಿಂತಿತು. ಇವರ ಒಬ್ಬಳೇ ಮಗಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಮನೆಯಲ್ಲಿ ಪೊಲೀಸ್ ಕಾವಲು ಶುರುವಾಯಿತು. ಟೀಗೆ ಸಕ್ಕರೆ ಬೇಡ, ಬನ್ನು ಬೇಡ, ಸಂಜೆ ನಡೆಯಮ್ಮ, ರಕ್ತ ಪರೀಕ್ಷೆ ಮಾಡಿಸಮ್ಮ ಎಂದು ಹುಡುಗಿ ಬಾಯಿ ನೋಯಿಸಿಕೊಂಡಳು. ಅಪ್ಪ ಅಮ್ಮ ಇಬ್ಬರೂ ಹೂಂ ಹೂಂ ಎಂದು, ಕಳ್ಳರ ಹಾಗೆ ಒಂದಾದರು. ಮನೆಯ ಮೂಲೆಯಲ್ಲಿ ಒಂದು ಹಳೇ ಟಿವಿಯ ಖಾಲಿ ಪೆಟ್ಟಿಗೆ ಬಿದ್ದಿತ್ತು. ಬೇಕರಿ ಪೊಟ್ಟಣ ಇನ್ನು ಮೇಲೆ ಅದರೊಳಗೆ. ಮಗಳು ಸ್ನಾನಕ್ಕೆ ಹೋದರೆ ಇವರಿಬ್ಬರದು ಹಬ್ಬ. ಇಷ್ಟು ವಯಸ್ಸಾದ ಮೇಲೆ ಗಂಡ ಹೆಂಡತಿ ಸೇರಿ ಒಂದು ಗುಟ್ಟು ಕಾಪಾಡುವುದರಲ್ಲಿ ಎಂಥ ಸುಖವಿತ್ತೋ, ಇಬ್ಬರೂ ಎಳೆಯರಾಗಿದ್ದರು. ಇವರನ್ನು ಬೈಯಲು ಈಗಲೂ ಮನಸ್ಸು ಬರುವುದಿಲ್ಲ, ಬೈಯದೆ ಇರಲೂ ಆಗುವುದಿಲ್ಲ.

ಹೀಗಿರುವಾಗ ಒಂದು ಸಂಜೆ ಅತ್ತಿಗೆ ಕೂಗಿ ಹೇಳಿದಳು.

‘ರೀ, ಪಿಕ್ಚರಲ್ಲಿ ಒಂದು ಕಪ್ಪು ಚುಕ್ಕೆ ಬಂದಿದೆ. ಮೇಲೆ, ಎಡಗಡೆ.’

ಟಿವಿಯಣ್ಣ ಬಂದು ನೋಡಿದ. ಚುಕ್ಕೆ ಕಾಣಲಿಲ್ಲ. ಆಕೆಯೂ ಕಣ್ಣು ಮಿಟುಕಿಸಿ, ಈಗ ಹೋಯಿತು ಎಂದಳು. ಬಂದು ಹೋಗುವ ತೊಂದರೆ. ಅವನು ತಲೆಯಾಡಿಸಿ, ಹಿಂದಿನ ಮುಚ್ಚಳ ಬಿಚ್ಚಿ, ಧೂಳು ಹೊಡೆದು, ಒಂದು ಬಿಡಿಭಾಗ ಬದಲಿಸಿದ. ರಿಪೇರಿ ಮಾಡಿದ ಪ್ರತಿ ಟಿವಿಯ ಮುಚ್ಚಳದ ಒಳಮೈಗೆ ಮಾರ್ಕರ್ ಪೆನ್ನಿನಲ್ಲಿ ತಾರೀಕು, ದೂರು, ಮಾಡಿದ ಕೆಲಸ ಮೂರನ್ನೂ ಬರೆಯುವುದು ಅವನ ಪದ್ಧತಿ. ಮನೆಯ ಟಿವಿ ಎಂದು ವಿನಾಯಿತಿ ಇಲ್ಲ. ಹಾಗೇ ಬರೆದು ಸ್ಕ್ರೂ ಬಿಗಿದ.

ಮನೆಯಲ್ಲಿ ಕನ್ನಡಿ ಇರಲಿಲ್ಲ, ಹೆಂಡತಿಯೇ ಕನ್ನಡಿ. ಅವನು ಹಿಂದೆ ಬಗ್ಗಿ ಕೂತು ‘ಪಿಕ್ಚರ್ ಹೇಗಿದೆ?’ ಎನ್ನುವುದು, ಆಕೆ ಮುಂದೆ ಕೂತು ‘ಈಗ ಪರವಾಗಿಲ್ಲ’, ‘ಊಹೂಂ, ಬಂತು’ ಎನ್ನುವುದು. ಮುಂದಿನ ತಿಂಗಳು ಚುಕ್ಕೆಯ ಜೊತೆಗೆ ಜೇಡರ ಬಲೆಯಂಥದ್ದು ಬಂತು. ಒಳಗಿನ ಲೈಟಿನ ಪಟ್ಟಿಗಳನ್ನೆಲ್ಲ ಬದಲಿಸಿದ. ಅದಾದ ಮೇಲೆ ಧಾರಾವಾಹಿಯ ಮನೆಯ ಬಾಗಿಲು ಕಿಟಕಿಗಳೆಲ್ಲ ಸೊಟ್ಟಗೆ ಕಾಣುತ್ತವೆ ಎಂದಳು. ಬೋರ್ಡು ಬದಲಿಸಿದ. ಕೆಂಪು ಬಣ್ಣ ಕೆಂಪಾಗಿಲ್ಲ ಎಂದಳು. ಪರದೆಯನ್ನೇ ತೆಗೆದು ಬೇರೆ ಹಾಕಿದ. ಬೇರೆಯವರ ಟಿವಿಗಳನ್ನು ಬದಿಗೆ ಸರಿಸಿ ಮೊದಲು ಹೆಂಡತಿಯ ಟಿವಿ ಎಂದು ಕೂರುತ್ತಿದ್ದ. ಸರಿಹೋಗದ ದಿನ ಮುಖ ಸಪ್ಪಗೆ ಮಾಡಿಕೊಂಡು, ಸಮಾಧಾನಕ್ಕೆಂದು ಪೊಟ್ಟಣದಲ್ಲಿ ಒಂದರ ಬದಲು ಎರಡು ಕೇಕು ತರುತ್ತಿದ್ದ.

ಅವನ ಕಣ್ಣಿಗೆ ಯಾವ ಚುಕ್ಕೆಯೂ ಬಲೆಯೂ ಕಾಣುತ್ತಿರಲಿಲ್ಲವಲ್ಲ, ಅನುಮಾನ ಬರಲಿಲ್ಲವೇ ಎಂದು ಕೇಳಬಹುದು. ಬಂತು. ತನ್ನ ಕಣ್ಣಿನ ಮೇಲೆ ಬಂತು. ಮೂವತ್ತು ವರ್ಷ ಪರದೆ ನೋಡಿ ನೋಡಿ ನನ್ನ ದೃಷ್ಟಿಯೇ ಮಂದವಾಗಿರಬೇಕು, ಆಕೆಗೆ ಕಾಣುವುದು ನನಗೆ ಕಾಣುತ್ತಿಲ್ಲ ಎಂದುಕೊಂಡು ಒಂದು ಬೆಳಿಗ್ಗೆ ಅಂಗಡಿ ಬಾಗಿಲು ಹಾಕಿ ಕನ್ನಡಕದ ಅಂಗಡಿಗೆ ಹೋದ. ಸಾಲಾಗಿ ಅಕ್ಷರ ಓದಿಸಿ ಹೊಸ ಕನ್ನಡಕ ಕೊಟ್ಟರು. ಹೆಂಡತಿಯನ್ನು ಮನೆಯಲ್ಲಿ ಟಿವಿ ಮುಂದೆ ಕೂರಿಸಿ ತನ್ನ ಕಣ್ಣು ಪರೀಕ್ಷೆ ಮಾಡಿಸಿಕೊಂಡು ಬಂದ ಆ ಬೆಳಗನ್ನು ನೆನೆದರೆ ಈಗಲೂ ಅವನು ಮಾತು ನಿಲ್ಲಿಸಿ ಕೈ ನೋಡಿಕೊಳ್ಳುತ್ತಾನೆ.

ಅತ್ತಿಗೆ ಬೇರೆಲ್ಲಾದರೂ ಚುಕ್ಕೆ ಕಂಡಿದ್ದರೆ ಹೇಳುತ್ತಿದ್ದಳೋ ಏನೋ. ಆದರೆ ಆಕೆ ಬೇರೆ ಏನನ್ನು ನೋಡುತ್ತಿದ್ದಳು? ಶರ್ಟಿನ ಮೇಲೆ ಕಂಡರೆ ನೂಲಿನ ತುಂಡೆಂದು ಕೊಡವುತ್ತಿದ್ದಳು. ಸೂಜಿಗೆ ದಾರ ಪೋಣಿಸಿಕೊಡು ಎಂದು ಮಗಳನ್ನು ಕರೆಯುವುದು ಹೆಚ್ಚಾಯಿತು. ಟಿವಿಯಿಂದ ಕಣ್ಣು ಕೀಳೋಕೆ ಸೋಮಾರಿತನ ನಿನಗೆ ಎಂದು ಮಗಳು ರೇಗುತ್ತ ಪೋಣಿಸಿದಳು. ಗುಂಡಿಗಳು ಅರ್ಧ ಬೆರಳು ಆಚೀಚೆ ಕೂತು ಒಂದು ಗಂಟು ಶರ್ಟು ವಾಪಸ್ ಬಂತು. ನೀರಡಿಕೆ ಜಾಸ್ತಿಯಾಯಿತು, ಸೆಖೆ ಎಂದುಕೊಂಡರು. ಆ ಮನೆಯಲ್ಲಿ ಪಿಕ್ಚರ್ ಅಪ್ಪನ ವಿಷಯ, ಸಕ್ಕರೆ ಮಗಳ ವಿಷಯ. ಎರಡಕ್ಕೂ ಸಂಬಂಧವಿದೆ ಎಂದು ಯಾರಿಗೂ ಹೊಳೆಯಲಿಲ್ಲ. ಔಷಧಿ ಅಂಗಡಿಯ ಹುಡುಗಿಗೆ ಹೊಳೆಯಬಹುದಿತ್ತು, ಆದರೆ ಚುಕ್ಕೆಯ ಮಾತನ್ನು ಆಕೆಯ ಕಿವಿಗೆ ಯಾರೂ ಹಾಕಲಿಲ್ಲ. ಟಿವಿ ಕೆಟ್ಟಿದೆ ಎಂದು ಔಷಧಿ ಅಂಗಡಿಯವಳಿಗೆ ಯಾಕೆ ಹೇಳುತ್ತಾರೆ?

ಏಳು ತಿಂಗಳಾದ ಮೇಲೆ ಟಿವಿಯಣ್ಣ ಸೋತು, ಆ ಟಿವಿಯನ್ನು ಇಳಿಸಿ, ಅಂಗಡಿಯಲ್ಲಿದ್ದ ದೊಡ್ಡ ಪರದೆಯದೊಂದನ್ನು ಹೊತ್ತು ತಂದು ಗೋಡೆಗೆ ತೂಗುಹಾಕಿದ. ಅತ್ತಿಗೆ ಚಪ್ಪಾಳೆ ತಟ್ಟಿದಳು. ಮುಖಗಳು ದೊಡ್ಡದಾಗಿ ಕಂಡವು. ಒಂದು ವಾರ ಮನೆಯಲ್ಲಿ ನಗು ವಾಪಸ್ ಬಂತು. ಎಂಟನೇ ದಿನ ಆಕೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ಹತ್ತನೇ ದಿನ ಇದಕ್ಕೂ ಚುಕ್ಕೆ ಬಂದಿದೆ ಎಂದಳು. ಅವನು ಅದನ್ನೂ ಇಳಿಸಿ, ಡಬ್ಬದಿಂದ ಆಗತಾನೇ ತೆಗೆದ ಮತ್ತೊಂದನ್ನು ತಂದು, ಗೋಡೆಯಿಂದ ಒಂದಿಷ್ಟು ದೂರ ಮೇಜಿನ ಮೇಲೆ ಇಟ್ಟ. ಸ್ವಿಚ್ ಒತ್ತಿ, ಎಂದಿನಂತೆ ಹಿಂದೆ ಹೋಗಿ ಬಗ್ಗಿ, ಪಿಕ್ಚರ್ ಹೇಗಿದೆ ಎಂದು ಕೇಳಿದ.

‘ಅದೇ ಚುಕ್ಕೆ,’ ಎಂದಳು. ‘ಅದೇ ಜಾಗ. ಸ್ವಲ್ಪ ದೊಡ್ಡದಾಗಿದೆ.’

ಗೋಡೆಗೂ ಟಿವಿಗೂ ನಡುವೆ ಬಗ್ಗಿದ್ದವನು ಹಾಗೇ ನಿಂತುಬಿಟ್ಟ. ಕೆಲಸ ಕಲಿಯಲು ಬಂದವರಿಗೆ ಅವನೇ ಮೊದಲ ದಿನ ಹೇಳಿಕೊಡುತ್ತಿದ್ದ ಮಾತೊಂದಿತ್ತು. ಅನುಮಾನ ಇರುವ ಭಾಗ ತೆಗೆದು ಒಳ್ಳೆಯದು ಹಾಕು, ತೊಂದರೆ ಹೋಗಲಿಲ್ಲವೋ, ಬದಲಿಸದೇ ಉಳಿದದ್ದು ಯಾವುದು ನೋಡು. ಲೈಟು ಬದಲಿಸಿದ್ದಾಯಿತು, ಬೋರ್ಡು, ಪರದೆ, ಕೊನೆಗೆ ಎರಡು ಸಲ ಇಡೀ ಟಿವಿ. ತನ್ನ ಕನ್ನಡಕವೂ ಬದಲಾಯಿತು. ಬದಲಾಗದೇ ಉಳಿದದ್ದು ಕುರ್ಚಿಯಲ್ಲಿ ಕೂತಿದೆ.

ಅವನು ಮುಂದೆ ಬಂದ. ಮೂಲೆಯ ಪೆಟ್ಟಿಗೆಯಿಂದ ಬೇಕರಿಯ ಪೊಟ್ಟಣ ತೆಗೆದು, ಕೇಕನ್ನು ಪಕ್ಕಕ್ಕಿಟ್ಟು, ಅದರ ಬಿಳೀ ರಟ್ಟನ್ನು ಆಕೆಯ ಮುಖದ ಮುಂದೆ ಹಿಡಿದ.

‘ಇದರಲ್ಲಿ ಏನಾದ್ರೂ ಕಾಣ್ತಿದೆಯಾ?’

ಅತ್ತಿಗೆ ರಟ್ಟನ್ನು ನೋಡಿದಳು. ಆಮೇಲೆ ನಕ್ಕಳು.

‘ಅಯ್ಯೋ, ಇದಕ್ಕೂ ಬಂತಾ?’

ಕಣ್ಣಾಸ್ಪತ್ರೆಯಲ್ಲಿ ಹನಿ ಹಾಕಿ ಕತ್ತಲಕೋಣೆಯಲ್ಲಿ ಕೂರಿಸಿದರು. ನೋಡಿದ ಡಾಕ್ಟರಮ್ಮ ಸಣ್ಣ ವಯಸ್ಸಿನವಳು, ಮಾತು ಮೆತ್ತಗೆ. ಸಕ್ಕರೆ ಏರಿ ಏರಿ ಕಣ್ಣಿನ ಹಿಂದಿನ ಪರದೆಯ ಸಣ್ಣ ರಕ್ತನಾಳಗಳು ಒಡೆದಿವೆ, ಒಳಗೆ ರಕ್ತ ಸೋರಿದೆ, ಎಡಗಣ್ಣಿನಲ್ಲಿ ಉಳಿಸುವಂಥದ್ದು ಏನೂ ಇಲ್ಲ ಎಂದಳು. ಬಲಗಣ್ಣಿನಲ್ಲೂ ಶುರುವಾಗಿದೆ, ಆದರೆ ಲೇಸರ್, ಇಂಜೆಕ್ಷನ್ ಎಂದು ಕಾಪಾಡಿಕೊಳ್ಳಲು ನೋಡಬಹುದು. ಚುಕ್ಕೆ ಮೊದಲು ಕಂಡದ್ದು ಯಾವಾಗ ಎಂದು ಕೇಳಿದಳು. ಅತ್ತಿಗೆಗೆ ನೆನಪಾಗಲಿಲ್ಲ. ಟಿವಿಯಣ್ಣ, ನಾಳೆ ಹೇಳ್ತೀನಿ ಡಾಕ್ಟ್ರೇ, ಬರೆದಿಟ್ಟಿದ್ದೀನಿ ಎಂದ.

ಮಾರನೇ ದಿನ ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ಜನರೆಲ್ಲ ಒಬ್ಬ ವಿಚಿತ್ರ ಮನುಷ್ಯನನ್ನು ನೋಡಿದರು. ಒಂದು ಕೈಯಲ್ಲಿ ಹೆಂಡತಿಯ ತೋಳು, ಇನ್ನೊಂದು ಕಂಕುಳಲ್ಲಿ ಟಿವಿಯ ಹಿಂದಿನ ಮುಚ್ಚಳ. ಹಿಂದೆ ಮಗಳು, ಅತ್ತು ಅತ್ತು ಮುಖ ಊದಿಸಿಕೊಂಡಿದ್ದಳು. ಡಾಕ್ಟರಮ್ಮ ಆ ಕಪ್ಪು ಪ್ಲಾಸ್ಟಿಕ್ಕನ್ನು ಮೇಜಿನ ಮೇಲೆ ಅಂಗಾತ ಇಟ್ಟುಕೊಂಡು ಓದಿದಳು. ಕಪ್ಪು ಚುಕ್ಕೆ, ಎಡ ಮೇಲೆ, ಬಂದು ಹೋಗುತ್ತದೆ. ಜೇಡರ ಬಲೆ. ನೇರ ಗೆರೆ ಸೊಟ್ಟ. ಕೆಂಪು ಮಂಕು. ಪ್ರತಿಯೊಂದರ ಪಕ್ಕದಲ್ಲಿ ತಾರೀಕು, ಬದಲಿಸಿದ ಭಾಗದ ಹೆಸರು. ಓದಿ ಮುಗಿಸಿ ಮೊದಲ ತಾರೀಕಿನ ಮೇಲೆ ಬೆರಳಿಟ್ಟಳು.

‘ಇಷ್ಟು ಸರಿಯಾಗಿ ನಮ್ಮಲ್ಲೇ ಯಾರೂ ಬರೆಯಲ್ಲ,’ ಎಂದಳು. ‘ಈ ಮೊದಲನೇ ತಾರೀಕಿಗೆ ಬಂದಿದ್ರೆ ಎರಡೂ ಕಣ್ಣು ಉಳೀತಿತ್ತು ಅನ್ಸುತ್ತೆ.’

ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು, ಪಾಪ. ಚೂರಿ ಹಾಕಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಮಗಳು ಅಪ್ಪನ ಕಡೆ ತಿರುಗಿ ಏನೋ ಹೇಳಲು ಹೋದವಳು, ಅವನ ಮುಖ ನೋಡಿ ಬಾಯಿ ಮುಚ್ಚಿಕೊಂಡಳು. ದಾರ ಪೋಣಿಸುವಾಗ ತಾನು ರೇಗಿದ್ದು ಆಕೆಗೂ ನೆನಪಿತ್ತು. ಅತ್ತಿಗೆ ಒಬ್ಬಳೇ, ಅವರನ್ನ ಏನೂ ಅನ್ಬೇಡಿ, ನಾನೇ ಪಿಕ್ಚರಲ್ಲಿ ಅಂತ ಹೇಳಿದ್ದು ಎಂದು ಗಂಡನ ಪರವಾಗಿ ವಕೀಲಿ ಮಾಡಿದಳು.

ಆಮೇಲೆ ಆ ಮನೆ ಬದಲಾದ ಹಾಗೆ ಯಾವ ಮನೆಯೂ ಬದಲಾಗಲಿಲ್ಲ. ಸಕ್ಕರೆ ಡಬ್ಬ ಹೋಯಿತು. ಮೂಲೆಯ ಖಾಲಿ ಪೆಟ್ಟಿಗೆ ಗುಜರಿಗೆ ಹೋಯಿತು. ಬೇಕರಿಯವನು ಕರೆದರೆ ಟಿವಿಯಣ್ಣ ಕಿವುಡನಂತೆ ಮುಂದೆ ಹೋಗುತ್ತಿದ್ದ. ಬೆಳಿಗ್ಗೆ ಗಂಡ ಹೆಂಡತಿ ಕೈ ಹಿಡಿದು ಆಟದ ಮೈದಾನಕ್ಕೆ ಎರಡು ಸುತ್ತು ಹಾಕತೊಡಗಿದರು. ಮದುವೆಯಾದ ಹೊಸದರಲ್ಲೂ ಹೀಗೆ ನಡೆದಿರಲಿಲ್ಲ ಎಂದು ಅತ್ತಿಗೆ ತಮಾಷೆ ಮಾಡಿದರೆ ಅವನಿಗೆ ನಗು ಬರುತ್ತಿರಲಿಲ್ಲ. ಹೊಲಿಗೆ ಬಿಟ್ಟಾಗಿತ್ತು. ಟಿವಿ ಸಂಜೆ ಒಂದೇ ಧಾರಾವಾಹಿಗೆ. ಬಲಗಣ್ಣಿಗೆ ಲೇಸರ್, ಇಂಜೆಕ್ಷನ್ ಆಗಿದ್ದವು. ಅದಕ್ಕೆ ಏನೇ ಹೊಸದು ಕಂಡರೂ ಅದೇ ದಿನ ಓಡಿ ಬನ್ನಿ, ಒಂದು ದಿನವೂ ತಡ ಮಾಡಬೇಡಿ ಎಂದು ಡಾಕ್ಟರಮ್ಮ ಬಾರಿ ಬಾರಿ ಹೇಳಿದ್ದಳು. ಅದಕ್ಕೇ ಟಿವಿಯಣ್ಣ ದಿನಾ ಅಂಗಡಿಯಿಂದ ಬಂದು ಚಪ್ಪಲಿ ಬಿಡುವ ಮೊದಲು ಕೇಳುತ್ತಿದ್ದ, ಪಿಕ್ಚರ್ ಹೇಗಿದೆ? ಚೆನ್ನಾಗಿದೆ ಎನ್ನುತ್ತಿದ್ದಳು. ಅವನ ಜೀವ ಆ ಒಂದು ಮಾತಿನ ಮೇಲೆ ನಿಂತಿತ್ತು. ಅಂಗಡಿಯಲ್ಲೂ ದೂರು ಹೇಳಿದ ಗಿರಾಕಿಗಳ ಮುಂದೆ ಮೊದಲು ಒಂದು ಬಿಳೀ ಹಾಳೆ ಹಿಡಿಯುತ್ತಿದ್ದ. ಕೆಲವರು ಬೇಜಾರು ಮಾಡಿಕೊಂಡು ಬೇರೆ ಅಂಗಡಿಗೆ ಹೋದರು, ಹೋಗಲಿ ಎಂದ.

ಹೀಗೆ ಆರು ತಿಂಗಳು.

ಒಂದು ಸಂಜೆ ಮನೆಗೆ ಬಂದಾಗ ಬಾಗಿಲಿಗೇ ಧಾರಾವಾಹಿ ಕೇಳಿಸುತ್ತಿತ್ತು. ಯಾವಳೋ ಸೊಸೆ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಅತ್ತಿಗೆ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು, ಮುಖ ಟಿವಿಯ ಕಡೆ, ಎದುರಿನ ಕಿಟಕಿಯಿಂದ ಇಳಿಬಿಸಿಲು ಕಾಲ ಮೇಲೆ. ಅವನು ಚೀಲ ಗೂಟಕ್ಕೆ ಹಾಕುತ್ತ ಎಂದಿನಂತೆ ಕೇಳಿದ.

‘ಪಿಕ್ಚರ್ ಹೇಗಿದೆ?’

‘ಇವತ್ತು ತುಂಬಾ ಚೆನ್ನಾಗಿದೆ ರೀ.’

ಸಮಾಧಾನದಿಂದ ತಿರುಗಿದ. ಟಿವಿ ಕಪ್ಪಗಿತ್ತು. ಸದ್ದು ಬರುತ್ತಿತ್ತು, ಪಿಕ್ಚರ್ ಇರಲಿಲ್ಲ. ಒಳಗಿನ ಲೈಟು ಸುಟ್ಟುಹೋದರೆ ಹೀಗಾಗುತ್ತದೆ, ಅಂಗಡಿಗೆ ವಾರಕ್ಕೆ ನಾಲ್ಕು ಇಂಥವು ಬರುತ್ತವೆ, ಅವನಿಗೆ ಊಟಕ್ಕೆ ಮುಂಚೆ ಮುಗಿಸುವ ಕೆಲಸ. ಆ ಕಪ್ಪು ಪರದೆಯನ್ನು ಹೆಂಡತಿ ಕಣ್ಣರಳಿಸಿ ನೋಡುತ್ತಿದ್ದಳು.

ಅವನು ಬಂದು ಆಕೆಯ ಪಕ್ಕದಲ್ಲಿ, ನೆಲದ ಮೇಲೆ ಕೂತ. ಟಿವಿಯ ಮುಂದೆ ಅವನು ಹಾಗೆ ಕೂತದ್ದು ಅದೇ ಮೊದಲು.

‘ಎಷ್ಟು ದಿನ ಆಯ್ತು?’ ಎಂದು ಕೇಳಿದ.

‘ಏನು?’

‘ಟಿವಿಲಿ ಪಿಕ್ಚರೇ ಇಲ್ಲ. ಬರೀ ಸದ್ದು.’

ಅತ್ತಿಗೆಯ ಕೈ ಕುರ್ಚಿಯ ತೋಳನ್ನು ಹಿಡಿದುಕೊಂಡಿತು. ಸೊಸೆ ಅಳುತ್ತಲೇ ಇದ್ದಳು.

‘ಹತ್ತು ದಿನ,’ ಎಂದಳು. ‘ಮೊದಲು ಮಂಜು ಥರ ಇತ್ತು. ಈಗ ಬೆಳಕು ಮಾತ್ರ ಗೊತ್ತಾಗುತ್ತೆ. ಅದು ಟಿವಿದೋ ಕಿಟಕಿದೋ ತಿಳಿಯಲ್ಲ.’

‘ಯಾಕೆ ಹೇಳ್ಲಿಲ್ಲ ನನಗೆ?’

‘ದಿನಾ ಬಂದು ಎಷ್ಟು ಆಸೆಯಿಂದ ಕೇಳ್ತಿದ್ರಿ. ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ.’

ಒಂದು ದಿನವೂ ತಡ ಮಾಡಬೇಡಿ ಎಂದಿದ್ದಳು ಡಾಕ್ಟರಮ್ಮ. ಹತ್ತು ದಿನ. ಮೈದಾನದಲ್ಲಿ ಕೈ ಹಿಡಿದು ನಡೆಸಿದ್ದ, ಮನೆಯೊಳಗೆ ಆಕೆ ಹೆಜ್ಜೆ ಎಣಿಸಿ ಓಡಾಡುತ್ತಿದ್ದಳು, ಹನ್ನೊಂದು ಹೆಜ್ಜೆ ಆಕೆಗೆ ಬಾಯಿಪಾಠ. ಈ ಸಲವೂ ಅವನು ಗಿರಾಕಿಯ ಮಾತು ನಂಬಿದ್ದ. ಬೈಯಬೇಕೆನಿಸಿತು, ಆಕೆಯನ್ನಲ್ಲ.

‘ಏಳು,’ ಎಂದ. ‘ಆಸ್ಪತ್ರೆ ಇನ್ನೂ ಮುಚ್ಚಿರಲ್ಲ.’

‘ಐದು ನಿಮಿಷ. ಇದೊಂದು ಮುಗೀಲಿ,’ ಎಂದಳು ಅತ್ತಿಗೆ. ಮಗುವಿನ ಹಾಗೆ ಹೇಳಿದಳು. ಆಸ್ಪತ್ರೆಯಲ್ಲಿ ಏನು ಹೇಳುತ್ತಾರೆಂದು ಆಕೆಗೆ ಗೊತ್ತಿತ್ತು. ಅದನ್ನು ಕೇಳುವುದಕ್ಕೆ ಇನ್ನೈದು ನಿಮಿಷ ತಡವಾಗಲಿ ಎಂದು ಬೇಡುತ್ತಿದ್ದಳು.

ಮೂವತ್ತು ವರ್ಷದಲ್ಲಿ ಆಕೆ ನೋಡುತ್ತಿದ್ದ ಟಿವಿಯನ್ನು ಟಿವಿಯಣ್ಣ ಅವಳಿಗೆ ಇಷ್ಟವಿಲ್ಲದೆ ಆರಿಸಿದವನಲ್ಲ. ಕಣ್ಣಾಸ್ಪತ್ರೆಗೆ ಹೋಗುವವರೆಗೆ ಬೇಡ ಎಂಬ ಮಾತನ್ನು ಬನ್ನಿಗೂ ಹೇಳಿರಲಿಲ್ಲ, ಧಾರಾವಾಹಿಗೂ ಹೇಳಿರಲಿಲ್ಲ. ಎದ್ದು ಹೋಗಿ ಸ್ವಿಚ್ ಆರಿಸಿದ. ಧಾರಾವಾಹಿಯ ಸೊಸೆ ತಟ್ಟನೆ ಸುಮ್ಮನಾದಳು. ಮನೆಯಲ್ಲಿ ಅಳುವ ಸದ್ದು ಮಾತ್ರ ನಿಲ್ಲಲಿಲ್ಲ. ಆ ಸೊಸೆಯ ಅಳುವಿನ ಮರೆಯಲ್ಲಿ ತನ್ನ ಹೆಂಡತಿ ಹತ್ತು ದಿನದಿಂದ ಅಳುತ್ತಿದ್ದದ್ದು ಅವನಿಗೆ ಆಗ ಕೇಳಿಸಿತು.